ಏಳು ಗಂಟಲು

ನಮ್ಮೂರಿಗೆ ಏಳು ಕೈಪಂಪು. ಏಳಕ್ಕೂ ಏಳು ಗಂಟಲು.
ಯೆಂಡಿಯಿಂದ ಬರುವ ಕೆಂಪುದಾರಿ ಮುಗಿಯುವಲ್ಲಿ
ಮೊದಲನೆಯದು; ಕಡೆಯದು ಶಿಯಾ ಮರಗಳಾಚೆ,
ಹೋಗಿಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ.

ನಾವು ನಾಲ್ವರು: ವುಂಪಿನಿ, ನಾಪಾರಿ, ಮಾತು ಕಡಿಮೆಯ ಸುಹುಯಿನಿ,
ಮತ್ತೆ ನಾನು, ಹೆಸರಿಡುವವಳು.
ಅಂದರೆ ಹಿಡಿದು ತಂದ ಒಂದೊಂದು ಸದ್ದಿಗೂ
'ನೆಟ್ಟಗಿದೆ', 'ಕೆಟ್ಟಿದೆ' ಎಂದು ಚೀಟಿ ಅಂಟಿಸುವವಳು.
ಗಾಜು ಒಡೆದ ಎರಡು ಫೋನು, ಮೇಷ್ಟ್ರದೊಂದು ಲ್ಯಾಪ್‌ಟಾಪು,
ಸೋಲಾರ್ ಹಲಗೆಯ ಮೇಲೆ ಹರ್ಮಾಟನ್ ಗಾಳಿಯ ಧೂಳು,
ಒರೆಸಿದಷ್ಟೂ ಧೂಳು.

ಒಂಬೈನೂರು ಸದ್ದು ಕೂಡಿಸಿದೆವು.
ಹಿಡಿಯ ಕಿರ್ರು, ಸರಳಿನ ಕಟಕಟ,
ನೀರು ಮೇಲೇರುವ ಮುಂಚಿನ ಆ ಒಂದು ಗುಟುಕು.
ಮಗುವಿಗೆ ಗಂಜಿ ಉಣಿಸುವಂತೆ ಯಂತ್ರಕ್ಕೆ ಉಣಿಸಿದೆವು,
ಚೆಲ್ಲಿದ್ದೇ ಹೆಚ್ಚು.
ಕಡೆಗೊಂದು ದಿನ ಅದು ಕಲಿಯಿತು. ನೂರಕ್ಕೆ ತೊಂಬತ್ತಾರು!
ನಾಪಾರಿ ಬೆಂಚು ಹತ್ತಿ ಕುಣಿದ.

ಲಾಮಿಸಿ ಅಜ್ಜಿ ಸರದಿಯಲ್ಲಿದ್ದಳು, ಹಳದಿ ಕ್ಯಾನಿನ ಮೇಲೆ ಕೂತು.
ನಾಲ್ಕನೆಯ ಪಂಪಿಗೆ ಫೋನು ಹಿಡಿದೆವು: 'ನೆಟ್ಟಗಿದೆ.'
ಅಜ್ಜಿ ಕೋಲಾ ಬೀಜ ಅಗಿಯುವುದು ನಿಲ್ಲಿಸಿ,
'ಸುಳ್ಳು. ಒಳಗೆ ತೊಗಲು ಸವೆದಿದೆ. ಕೆಮ್ಮು ಕೇಳಲಿಲ್ಲವೇ?' ಅಂದಳು.
ಕೇಳಿರಲಿಲ್ಲ.
ಮೂರನೆಯ ದಿನ ಹಿಡಿ ಒತ್ತಿದರೆ ಗಾಳಿ ಬಂತು.

ಆ ರಾತ್ರಿ ಸುಹುಯಿನಿ ಒಬ್ಬನೇ ಒಂಬೈನೂರನ್ನೂ ಮತ್ತೆ ಕೇಳಿದ.
ಬೆಳಗಿನ ಜಾವ ಬಂದು ಬಾಗಿಲು ಬಡಿದ, ನಗುತ್ತಿದ್ದನೋ ಅಳುತ್ತಿದ್ದನೋ:
ಗಿನಿಕೋಳಿ!
ನೆಟ್ಟಗಿರುವ ಪಂಪುಗಳನ್ನೆಲ್ಲ ಮನೆಗಳ ನಡುವೆ ಹಿಡಿದಿದ್ದೆವು,
ಗಿನಿಕೋಳಿ ಕೂಗುವ ಹೊತ್ತಿನಲ್ಲಿ.
ಕೆಟ್ಟವನ್ನು ಊರಾಚೆ, ಸುಡುವ ಮಧ್ಯಾಹ್ನ.
ಯಂತ್ರ ಪಂಪನ್ನು ಕೇಳಿಯೇ ಇರಲಿಲ್ಲ.
ಕೋಳಿ ಕೂಗಿದರೆ ಆರೋಗ್ಯ. ಇಷ್ಟೇ ಅದರ ವೈದ್ಯ.

ಮತ್ತೆ ಮೊದಲಿಂದ. ಈ ಸಲ ಚೀಟಿ ಅಂಟಿಸಿದ್ದು ನಾನಲ್ಲ.
ಅಜ್ಜಿ ಹಿಡಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವಳು:
'ಇದಕ್ಕೆ ಹತ್ತು ದಿನ.' 'ಇದು ಮಳೆಗಾಲ ದಾಟುತ್ತೆ.'
'ಇದರ ಸರಳು ಸೊಟ್ಟ, ನನ್ನ ಎರಡನೆಯ ಸೊಸೆಯ ಹಾಗೆ.'
ಅದಕ್ಕೆ ಯಾವ ಚೀಟಿ ಹಚ್ಚುವುದೆಂದು ವಾರವಿಡೀ ಜಗಳವಾಡಿದೆವು.

ತಮಾಲೆಯ ಸ್ಪರ್ಧೆಯಲ್ಲಿ ತೀರ್ಪುಗಾರರು ಕೇಳಿದರು: ಎಷ್ಟು ಸಲ ಸರಿ?
ನೂರಕ್ಕೆ ಎಂಬತ್ತೊಂದು, ಅಂದೆವು.
ಹಿಂದಿನ ತೊಂಬತ್ತಾರರ ಬಗ್ಗೆ ಬಾಯಿಬಿಡಲಿಲ್ಲ.
ಬಹುಮಾನ ಕಸ ವಿಂಗಡಿಸುವ ತಂಡಕ್ಕೆ ಹೋಯಿತು.
'ನಾನು ಹೇಳಿದ್ದನ್ನೇ ಅದು ಹೇಳಿದರೆ
ನನಗೆ ಬರದ ಬಹುಮಾನ ಅದಕ್ಕೇಕೆ?' ಎಂದು
ಅಜ್ಜಿ ಸಮಾಧಾನ ಮಾಡಿದಳು, ಅದು ಸಮಾಧಾನವೇ ಆಗಿದ್ದರೆ.

ಮಾರ್ಚಿನಲ್ಲಿ ಫೋನು ಹೇಳಿತು: ಆರನೆಯದು, ಐದು ದಿನ.
ಅಜ್ಜಿ ಅಂಗೈ ಇಟ್ಟು, 'ನಾಲ್ಕು' ಅಂದಳು.
ಜಿಲ್ಲಾ ಕಚೇರಿಗೆ ಬರೆದೆವು. ವಾಷರು ದಾಸ್ತಾನಿಲ್ಲ, ಉತ್ತರ ಬಂತು.
ಮೊದಲೇ ಗೊತ್ತಾಗುವುದು ಬೇರೆ, ವಾಷರು ಸಿಗುವುದು ಬೇರೆ.
ಈ ಪಾಠ ಲ್ಯಾಪ್‌ಟಾಪಿನಲ್ಲಿರಲಿಲ್ಲ.

ನಾಲ್ಕನೆಯ ಸಂಜೆ ಊರೆಲ್ಲ ಆರನೆಯದರ ಮುಂದೆ.
ಕ್ಯಾನು, ಕೊಪ್ಪರಿಗೆ, ಸೋರೆಬುರುಡೆ, ಮಸೀದಿಯ ಕೆಟಲುಗಳು,
ಯಾರದೋ ಮದುವೆಯ ಪಾತ್ರೆ,
ಒಬ್ಬ ಪೋರ ತಂದದ್ದು ತನ್ನ ರಬ್ಬರ್ ಬೂಟು.
ಕತ್ತಲಾದರೂ ಹಿಡಿ ನಿಲ್ಲಲಿಲ್ಲ.

ಬೆಳಿಗ್ಗೆ ಒತ್ತಿದೆ. ಗಾಳಿ.
ಅಜ್ಜಿ ನಾಲ್ಕು ಬೆರಳು ತೋರಿಸಿ ನಕ್ಕಳು.
ದಾರಿ ತಪ್ಪಿ ಬಂದ ಗಿನಿಕೋಳಿಯೊಂದು
ಕತ್ತು ಚಾಚಿ ಕೂಗಿತು.
ನಾಪಾರಿಯ ಫೋನಿನಲ್ಲಿ ಅಳಿಸಲು ಮರೆತಿದ್ದ ಹಳೆಯ ಯಂತ್ರ
ಎಚ್ಚೆತ್ತು ಅಂದಿತು: ನೆಟ್ಟಗಿದೆ.