ಬಾಲದಲ್ಲಿ ಬಾಯಿ

ಐತಪ್ಪಣ್ಣ ಬಂದರು ಅಂಗಡಿಗೆ, ಉಪ್ಪಳ ಪೇಟೆಯ ನಡು ಮಧ್ಯಾಹ್ನ,
ಕೊರಳಿಗೆ ಬಿಳಿ ಪಟ್ಟಿ, ಕಿಸೆಯಲ್ಲಿ ಚೀಟಿ ಪುಸ್ತಕ.
ಮೂರು ತಿಂಗಳು ಮಾತಾಡಬಾರದಂತೆ. ಡಾಕ್ಟರು ಹೇಳಿದ್ದು
ಮಂಗಳೂರಿನಲ್ಲಿ; ಗಡಿಯ ಈಚೆಗೂ ಅನ್ವಯಿಸುತ್ತದೆ.
ಕ್ಲಬ್ಬಿನ ಮೈಕು ಮೇಜಿನ ಮೇಲಿಟ್ಟು ಬರೆದರು:
‘ಇಪ್ಪತ್ತೆರಡು ವರ್ಷ ಇದರೊಳಗೆ ಕೂಗಿದ್ದೇನೆ.
ಒಳಗೆ ಎಂಥ ಉಂಟು, ತೋರಿಸು.’

ತಿರುಗಿಸಿದೆ ತಲೆ. ಜಾಲರಿಗೆ ಒಂದು ನೆಗ್ಗು,
ಬಂದ್ಯೋಡಿನ ಸೆಮಿಫೈನಲಿನದು, ನೆನಪುಂಟು ಇಬ್ಬರಿಗೂ.
ಸ್ಪಂಜಿನಲ್ಲಿ ವೀಳ್ಯ, ಬೆವರು, ಕಬಡ್ಡಿ ಅಂಗಳದ ಕೆಂಪು ಧೂಳು,
ಎಷ್ಟು ಊರಿನ ಉಗುಳೋ, ಲೆಕ್ಕ ಇಟ್ಟವರಿಲ್ಲ.

ಅದರ ಕೆಳಗೆ ಪೊರೆ. ಬೆಳ್ಳುಳ್ಳಿ ಸಿಪ್ಪೆಯಂಥದು.
ಪೊರೆಯ ಬೆನ್ನಿಗೆ ಕೂದಲೆಳೆ ತಂತಿಯ ಸುರುಳಿ, ಸುತ್ತ ಅಯಸ್ಕಾಂತ.
ಉಸಿರು ತಳ್ಳಿದರೆ ಪೊರೆ ಅಲುಗುತ್ತದೆ, ಸುರುಳಿ ಅಲುಗುತ್ತದೆ,
ಅಲುಗಿದಷ್ಟೇ ವಿದ್ಯುತ್ತು. ಇರುವೆ ಹೊತ್ತ ಸಕ್ಕರೆ.
‘ರೈಡ್! ರೈಡ್!’ ಎಂದು ನೀವು ಹರಿದುಕೊಂಡ ಗಂಟಲು
ಇಲ್ಲಿಗೆ ಮುಟ್ಟುವಾಗ ಇಷ್ಟೇ, ಐತಪ್ಪಣ್ಣ.

ಇನ್ನು ಈ ಕಪ್ಪು ಚಿಪ್ಪು. ದಾರಿ ಕಿರಿದು, ನಿಮ್ಮ ಕೂಗು ದೊಡ್ಡದು.
ಹಾಗಾಗಿ ಕೂಗನ್ನು ತಗ್ಗಿಸಿ, ಪಿಸುಮಾತನ್ನು ಎತ್ತಿ,
ಓಲೆ ಚಾಪೆಯ ಹಾಗೆ ಸುತ್ತಿ ಕಳಿಸುತ್ತದೆ;
ಆಚೆಯ ಪೆಟ್ಟಿಗೆ ಬಿಚ್ಚಿ ಹಾಸುತ್ತದೆ, ಸುಕ್ಕು ಕಾಣದಂತೆ.

ಹೊರುವುದು ಅಲೆ. ಅದರ ಉದ್ದ ಹೆಚ್ಚುಕಡಿಮೆ ಒಂದು ಮೊಳ,
ಬಸ್‌ಸ್ಟ್ಯಾಂಡಿನ ಜಲಜಕ್ಕ ಮಲ್ಲಿಗೆ ಅಳೆದು ಕೊಟ್ಟಷ್ಟು.
ನೀವು ಸುಮ್ಮನಿದ್ದರೂ ಮೊಳದ ಹಿಂದೆ ಮೊಳ ಹೋಗುತ್ತಲೇ ಇರುತ್ತದೆ,
ಸೆಕೆಂಡಿಗೆ ಅರುವತ್ತೈದು ಕೋಟಿ.
ಮಾತು ಬಂದರೆ ಅಲೆ ದೊಡ್ಡದಾಗುವುದಿಲ್ಲ.
ಒಂಚೂರು ಒತ್ತಾಗುತ್ತದೆ, ಒಂಚೂರು ಸಡಿಲ. ಅದೇ ಮಾತು.

ಜೊತೆಗೆ ಸಣ್ಣ ಸಿಳ್ಳೆಯೊಂದುಂಟು, ಕಿವಿಗೆ ಸಿಗದ್ದು.
ಅದು ಕೇಳಿದರೆ ಮಾತ್ರ ಪೆಟ್ಟಿಗೆ ಬಾಯಿ ಬಿಡುತ್ತದೆ.
ರಾತ್ರಿ ತಡವಾಗಿ ಬಂದು, ಬಾಗಿಲಲ್ಲಿ ನಾವು
ಕೆಮ್ಮುವುದಿಲ್ಲವಾ, ಹಾಗೆ.

ಹೊರಡುವುದೆಲ್ಲಿಂದ? ಐತಪ್ಪಣ್ಣ ಜಾಲರಿ ತೋರಿಸಿದರು.
ಅಲ್ಲ. ಬುಡದಿಂದ. ಈ ಬಾಲದಲ್ಲಿ ಉಂಟು ಆಂಟೆನಾ,
ನೀವು ಇಷ್ಟು ವರ್ಷ ಮುಷ್ಟಿಯಲ್ಲಿ ಮುಚ್ಚಿ ಹಿಡಿದದ್ದು.
ತಲೆಯಲ್ಲಿ ಕೇಳುತ್ತದೆ, ಬಾಲದಲ್ಲಿ ಹೇಳುತ್ತದೆ.
ಮೈಯೆಲ್ಲ ನೀರು ನಮ್ಮದು; ಅಂಗೈ ಅಲೆಯನ್ನು ಕುಡಿಯುತ್ತದೆ.

ಹೊಸಂಗಡಿಯ ಫೈನಲು ನೆನಪಾಗಿರಬೇಕು, ನಕ್ಕರು, ಸದ್ದಿಲ್ಲದೆ.
ಪಕ್ಕದ ಹಾಲಿನಲ್ಲಿ ಮದುವೆ. ಅದೇ ಕಂಪನಿಯ ಸೆಟ್, ಅದೇ ಚಾನೆಲ್.
ನಮ್ಮ ಪೆಟ್ಟಿಗೆ ಕೂತದ್ದು ಹಾಲಿನ ಗೋಡೆಗೆ ಒರಗಿ.
ಇಬ್ಬರು ಬಂದರೆ ಬೆರಕೆ ಮಾಡುವ ಜಾತಿಯಲ್ಲ ಅದು,
ಯಾರ ಅಲೆ ಜೋರೋ ಅವನನ್ನು ಹಿಡಿದು ಇನ್ನೊಬ್ಬನನ್ನು ಅಳಿಸುತ್ತದೆ.
ನೀವು ತುಳುವಿನಲ್ಲಿ ಕೊನೆಯ ರೈಡ್ ಹೇಳುತ್ತಿದ್ದಿರಿ;
ಮೈದಾನಕ್ಕೆಲ್ಲ ಕೇಳಿದ್ದು ಮಲಯಾಳದಲ್ಲಿ ಮದುಮಗಳ ಮಾವ:
ಯಾರೂ ಊಟ ಮಾಡದೆ ಹೋಗಬಾರದು.
ರೈಡರ್ ಗೆರೆಯ ಮೇಲೆ ಹಾಗೇ ನಿಂತುಬಿಟ್ಟ.
ಮತ್ತೆ ನಿಮ್ಮ ಸ್ವರ ಬಂತು, ಈ ಸಲ ಕನ್ನಡದಲ್ಲಿ:
‘ಊಟಕ್ಕೆ ಒಂದು ಅಂಕ!’

ಚೀಟಿ ಹರಿದು ಬರೆದರು: ‘ಹಾಗಾದರೆ ಆ ದಿನ ನನ್ನದೇ ಕೈ?’
ಅರ್ಧ ನಿಮ್ಮ ಕೈ, ಅರ್ಧ ಗೋಡೆ, ಎಂದೆ.
ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದವನು ನಾನು ಎನ್ನಲಿಲ್ಲ.

ಹೊಸ ಸೆಲ್ ಎರಡು ಹಾಕಿ ಕೊಟ್ಟೆ.
ನಡುವಿನಲ್ಲಿ ಹಿಡಿದರು, ಬಾಲ ಬಿಟ್ಟು.
ಪೆಟ್ಟಿಗೆಯಲ್ಲಿ ಹಸಿರು ದೀಪ. ಸ್ಪೀಕರಿನಲ್ಲಿ ಏನೂ ಇಲ್ಲ,
ಆದರೆ ಆ ಏನೂ ಇಲ್ಲ ಈಗ ಅವರದ್ದು.
ಬಾಯಿಯ ಹತ್ತಿರ ತಂದರು. ಮೀಟರಿನಲ್ಲಿ ಒಂದು ಕಡ್ಡಿ
ಏರಿತು, ಇಳಿಯಿತು,
ಏರಿತು.
ಹೊರಗೆ ತಲಪಾಡಿಯ ಬಸ್ಸು ಹಾರನ್ ಹಾಕಿತು.
ಅದೂ ಸ್ವಲ್ಪ ಒಳಗೆ ಬಂತು.