ಇಳಿಸುವ ಕೈ

ಸಂಜೆ ಆರಕ್ಕೆ ಫೋನು: ಏರಿಸು.
ರಾತ್ರಿ ಹತ್ತೂವರೆಗೆ ಫೋನು: ಇಳಿಸು.
ನಡುವೆ ಗೋಕಾಕದ ತುಂಬ ಟೀವಿ, ಮಿಕ್ಸಿ, ಫ್ಯಾನು,
ಕರದಂಟಿನ ಅಂಗಡಿಗಳ ಟ್ಯೂಬ್‌ಲೈಟು.
ಇಪ್ಪತ್ತಾರು ವರ್ಷ ನಾನು ಮಾಡಿದ್ದು ಇಷ್ಟೇ:
ಲೋಳಸೂರಿನ ಆಚೆ ಈ ಸಣ್ಣ ಪವರ್‌ಹೌಸಿನಲ್ಲಿ ಕೂತು
ಘಟಪ್ರಭೆಯನ್ನು ಗಡಿಯಾರದ ಮುಳ್ಳಿಗೆ ಕಟ್ಟಿದ್ದು.

ಇಳಿಸುವಾಗ ನನ್ನ ಕೈ ಚುರುಕು.
ಗೇಟಿನ ರೆಕ್ಕೆಗಳು ಒಂದರ ಬೆನ್ನಿಗೊಂದು ಒರಗಿ
ಮುಚ್ಚಿಕೊಳ್ಳಲು ನಲವತ್ತು ಸೆಕೆಂಡು.
ಮೇಲಿನವರು ಮೆಚ್ಚಿ
ಒಮ್ಮೆ ಗೋಡೆಗಡಿಯಾರ ಕೊಟ್ಟಿದ್ದರು.
ಮೆಶೀನು ನಿಂತಮೇಲೆ ಬರುವ ಮೌನವನ್ನು
ಹೊಳೆಯ ನಿದ್ದೆ ಅಂತ ತಿಳಿದಿದ್ದೆ.

ಲಗಮವ್ವ ಸುಣಗಾರ ಅದನ್ನು ಬೇರೆ ಕಿವಿಯಿಂದ ಕೇಳಿದ್ದಳು.
ಒಂದು ಬೆಳಗ್ಗೆ ನನ್ನ ಬೂಟಿನ ಮುಂದೆ
ಬುಟ್ಟಿ ಬೋರಲು ಹಾಕಿದಳು:
ಗೆಂಡೆಮರಿ, ಬೆರಳುದ್ದ ಬಾಳೆಮೀನು, ಚೇಳುಮೀನು,
ಮಣ್ಣು ಮೆತ್ತಿದ ಕಿವಿರು ಇನ್ನೂ ತೆರೆದೇ.
"ಎಣಸ್ರಿ ಮಿಸ್ತ್ರಿ.
ರಾತ್ರಿ ಹೊಳಿ ಒಮ್ಮಿಗೇ ಓಡಿ ಹೋಗತೈತಿ,
ಇವು ಕಲ್ಲಿನ ಸಂದ್ಯಾಗ ಉಳೀತಾವು."
"ಆರಿಸೋದು ಸುಲಭ ಆತಲ್ಲ ನಿಮಗ" ಅಂದೆ, ನಗುತ್ತ.
"ಸತ್ತದ್ದು ಆರಿಸೋದಕ್ಕ ಮೀನ ಹಿಡಿಯೋದು ಅನ್ನೂದಿಲ್ರಿ."
ಬುಟ್ಟಿಯನ್ನೂ ಬಿಟ್ಟು ಹೋದಳು.
ನಾನು ಎಣಿಸಲಿಲ್ಲ.
ವಾಸನೆ ಮೂರು ದಿನ ಎಣಿಸಿತು.

ಆಮೇಲೆ ಬಂದವರು ಹುಕ್ಕೇರಿಯ ನದಾಫ ಮೇಡಂ,
ಹೆಲ್ಮೆಟ್ಟಿನೊಳಗೆ ಓಢಣಿ ಸಿಕ್ಕಿಸಿಕೊಂಡು
ಹಳೆಯ ಚಕ್ರದ ಹೊಟ್ಟೆಗೆ ತೆವಳಿ ಇಳಿದವರು.
ಅಲಗಿನ ಬೆನ್ನ ಮೇಲೆ ಬೆರಳಾಡಿಸಿ,
"ಸಿಡುಬು ಬಂದ ಮುಖ ಇದು.
ನೀರು ತಿಂದದ್ದಲ್ಲ, ನೀರೊಳಗೆ ಒಡೆದ ಗುಳ್ಳೆ ತಿಂದದ್ದು."
ಮೆಶೀನು ಹಾಡತೈತಿ ಕೇಳ್ರೋ ಅಂತ
ಹೊಸ ಹುಡುಗರಿಗೆಲ್ಲ ಕೇಳಿಸಿದ್ದ ಗರಗರ
ಉಕ್ಕು ಕಚ್ಚಿಸಿಕೊಳ್ಳುವ ಸದ್ದಂತೆ.
ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

ಹೊಸ ಚಕ್ರ ಟ್ರೇಲರಿನ ಮೇಲೆ ಬಂತು, ತಾಡಪತ್ರಿ ಹೊದ್ದು.
ಅಲಗು ಕಡಿಮೆ, ಮೂತಿ ದುಂಡು,
ಅಂಚಿಗೂ ಗೋಡೆಗೂ ನಡುವೆ ಉಗುರು ತೂರದ ಸಂದು.
ಚೂಪಿದ್ದರಲ್ಲವೇ ಕೆಲಸ ಜಾಸ್ತಿ, ಅಂದೆ.
"ರೊಟ್ಟಿ ಬಡಿಯೋ ಕೈ ಚೂಪ ಇರತೈತೇನ್ರಿ?"
ಎಂಟು ಮನೆ ಬೆಳಗುತ್ತಿದ್ದ ಅದೇ ನೀರಿಗೆ ಒಂಬತ್ತು;
ನಂಬದೆ ಮೀಟರಿನ ಗಾಜು ಒರೆಸಿ ನೋಡಿದೆ.

ಆ ಒಂಬತ್ತನೆಯದು ಯಾರದು? ಅದರ ಮೇಲೇ ಜಗಳ.
ಹೊಳೆಗೆ ಬಿಡಿ, ಅಂದರು ಮೇಡಂ,
ಪುಟ್ಟ ಮೆಶೀನೊಂದು ರಾತ್ರಿಯಿಡೀ ತಿರುಗಲಿ,
ಕಲ್ಲುಗಳ ಕಾಲಾದರೂ ನೆನೆದಿರಲಿ.
ಲಾಸು, ಅಂದಿತು ಆಫೀಸು.
ಏಳು ಮೀಟಿಂಗು, ಒಂದು ವರ್ಗಾವಣೆಯ ಬೆದರಿಕೆ.
ಕೊನೆಗೆ ಅರ್ಧ ಗೆದ್ದರು:
ಪುಟ್ಟ ಮೆಶೀನು ಮಾರ್ಚಿನವರೆಗೆ ಮಾತ್ರ.
ಆಮೇಲೆ "ನೋಡೋಣ".

ಮತ್ತೆ ಪ್ಯಾನೆಲ್ಲಿಗೆ ಅಂಟಿಸಿದ ಒಂದು ಚೀಟಿ:
ಇಳಿಸಲು ಒಂದೂವರೆ ತಾಸು.

ನಲವತ್ತು ಸೆಕೆಂಡಿನ ಕೈಗೆ ಒಂದೂವರೆ ತಾಸು!
ಮೊದಲ ವಾರ ಬೆರಳು ತುರಿಸಿದವು.
ಒಂದು ರಾತ್ರಿ ಬ್ಯಾಟರಿ ಹಿಡಿದು ದಂಡೆಗೆ ಹೋದೆ.
"ಬರ್ತೀವ್ರಿ, ಬರ್ತೀವ್ರಿ" ಅನ್ನುತ್ತ
ಹೊಸ್ತಿಲಲ್ಲೇ ನಿಂತುಬಿಡುವ ಬೀಗರ ಹಾಗೆ
ನೀರು ಹೋಗುತ್ತಿತ್ತು.
ಗೆಂಡೆಮರಿಗಳು ಕಲ್ಲುಕಲ್ಲಿಗೆ ತಡೆದು, ತಿರುಗಿ,
ಮಡುವಿನ ಕಡೆ ಹೊರಟವು.

ಲಗಮವ್ವ ಬಂದಳು, ಹೊಗಳಲಿಲ್ಲ.
"ಹಾವುಮೀನ ಎಲ್ರಿ?
ನಮ್ಮಪ್ಪನ ಕಾಲಕ್ಕ ಬರತಿದ್ವು, ಸಮುದ್ರದಿಂದ."
ನನಗೆ ಉತ್ತರ ತೋಚಲಿಲ್ಲ.
ಅವಳು ಹೋದಮೇಲೆ ನಡುವಿನ ಗೋಡೆಗಳನ್ನು
ಬೆರಳು ಮಡಿಚಿ ನೆನೆದೆ: ಆಲಮಟ್ಟಿ, ನಾರಾಯಣಪುರ,
ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ...
ಒಂದು ಕೈ ಸಾಲಲಿಲ್ಲ.
ಈ ಸಲ ಎಣಿಸಿದೆ.

ಹನ್ನೊಂದೂಕಾಲಿಗೆ ಮತ್ತೆ ಫೋನು:
ಇನ್ನೂ ಇಳಿಸಿಲ್ಲವಾ?
ಇಳಿಸ್ತಾ ಇದ್ದೀನ್ರಿ, ಅಂದೆ,
ಚಕ್ರದ ಮೇಲಿಂದ ಕೈ ತೆಗೆಯದೆ.