ನಾಲ್ಕನೆಯ ಈಡು

ಹಗಲು ಹಲ್ಲು ಕಟ್ಟುತ್ತೇನೆ, ರಾತ್ರಿ ತೋಟಾ.
ಎರಡಕ್ಕೂ ಒಂದೇ ಮೇಜು, ಒಂದೇ ದೀಪ,
ಒಂದೇ ಕನ್ನಡಕ.
ಈ ಊರಿನ ಅರ್ಧ ಮುದುಕರು ಜೋಳದ ತೆನೆ ಕಡಿಯುವುದು
ನಾನು ಕಟ್ಟಿದ ಸಾಲಿನಿಂದ.
ಮೇಣದ ಮೇಲಿನ ಕಚ್ಚು ನೋಡಿಯೇ ಹೇಳಬಲ್ಲೆ
ಯಾರು ಯಾವ ಕಡೆಯಿಂದ ಅಗಿಯುತ್ತಾರೆ,
ಯಾರು ಮಾತು ನುಂಗುತ್ತಾರೆ.

ಸೀಸ, ಟೈರಂಗಡಿಯ ಆರ್ಲೋ ಕೊಟ್ಟದ್ದು.
ಗಾಲಿಯಂಚಿಗೆ ಬಡಿಯುವ ತೂಕದ ತುಣುಕುಗಳು,
ಯಾರ ಲಾರಿಯವೋ, ಯಾವ ದಾರಿಯವೋ.
ಕರಗಿಸಿ, ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದರೆ
ಒಂದು ಗಳಿಗೆ ಬೆಳ್ಳಿ, ಆಮೇಲೆ ಮಂಕು.
ಹಿತ್ತಾಳೆಯ ಚಿಪ್ಪು ಹಳೆಯವೇ. ಒಮ್ಮೆ ಸಿಡಿದವು,
ಬಗ್ಗಿ ಹೆಕ್ಕಿದವು, ತೊಳೆದು ಉಜ್ಜಿದವು.
ಕೇಪು, ಮದ್ದು, ಗುಂಡು: ಮತ್ತೆ ಹರೆಯ.
ಖರ್ಚು ಕಡಿಮೆ ಅನ್ನುತ್ತೇನೆ, ಕೇಳಿದವರಿಗೆ.
ಸುಳ್ಳು. ಲೆಕ್ಕ ಹಾಕಿದ್ದೇನೆ.

ಶನಿವಾರ. ವಯೋಮಿಂಗಿನ ಗಾಳಿ
ಕಾರಿನ ಬಾಗಿಲನ್ನು ಕೈಯಿಂದ ಕಿತ್ತುಕೊಳ್ಳುವಂಥದ್ದು.
ಹಳೆಯ ಜಲ್ಲಿಗುಂಡಿಯೇ ನಮ್ಮ ಗುರಿಯ ಬಯಲು;
ಮೂರು ಕಡೆ ಮಣ್ಣಿನ ದಿಬ್ಬ, ನಾಲ್ಕನೆಯ ಕಡೆ ವೆರ್ನಾ.
ಎಪ್ಪತ್ತೆರಡು. ಕಿತ್ತಳೆ ಬಣ್ಣದ ಅಂಗಿ, ಕೊರಳಲ್ಲಿ ಸೀಟಿ.
ಕಲ್ಲಿದ್ದಲ ಗಣಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿ
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವಳು.
ಮೇಲಿನ ಹಲ್ಲು ನಾನು ಕಟ್ಟಿದ್ದು, ಕೆಳಗಿನದು ದೇವರು;
ದೇವರ ಕೆಲಸ ಸುಮಾರು ಅನ್ನುತ್ತಾಳೆ.

ಹೊಸ ಕಟ್ಟು, ಐವತ್ತು. ಆರು ಮನೆಯ ರಿವಾಲ್ವರಿಗೆ
ಆರು ತುಂಬಿದೆ.
ಢಂ.
ಢಂ. ಮೂರನೆಯದೂ ಢಂ.
ಕಾಗದದಲ್ಲಿ ಮೂರು ತೂತು, ಒಂದು ನಾಣ್ಯದಲ್ಲಿ ಮುಚ್ಚುವಷ್ಟು.
ಹಿಗ್ಗಿದೆ. ಯಾರೂ ನೋಡಲಿಲ್ಲವಲ್ಲ ಎಂದು
ಚೂರು ಬೇಸರವೂ ಆಯಿತು.
ನಾಲ್ಕನೆಯದು

ಟುಸ್.

ಸೋಡಾ ಸೀಸೆಯ ಮುಚ್ಚಳ ತೆರೆದಷ್ಟು.
ಬೆರಳಿಗೆ ಕಿವಿಯಿಲ್ಲ. ಅದು ಆಗಲೇ
ಐದನೆಯದಕ್ಕೆ ಕುದುರೆಯನ್ನು ಅರ್ಧ ಎಳೆದಿತ್ತು.
ಹೆಗಲ ಮೇಲೆ ಕೈ ಬಿತ್ತು. ಸೀಟಿಯಲ್ಲ, ಕೂಗಲ್ಲ.
"ಎಲ್ಡನ್, ಬೇಡ."

ತೋಟಾ ಸುರಿದು, ಹಿತ್ತಾಳೆಯ ಕಡ್ಡಿ ತೂರಿಸಿದೆವು.
ಕಡ್ಡಿ ಅರ್ಧಕ್ಕೆ ನಿಂತಿತು.
ನಳಿಗೆಯ ಗಂಟಲಲ್ಲಿ ನನ್ನದೇ ಸೀಸ,
ಅದರ ಬೆನ್ನಿಗೆ ಇನ್ನೊಂದನ್ನು ಕಳಿಸುವವನಿದ್ದೆ;
ಉಕ್ಕು ಬಿರಿಯುತ್ತಿತ್ತು, ಹಲ್ಲು ಕಟ್ಟುವ ಕೈ ಎದುರಿಗೇ ಇತ್ತು.
ಅವಳು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು,
ಮಗುವಿನ ಬೆನ್ನು ತಟ್ಟಿದ ಹಾಗೆ.
ಗುಂಡು ನನ್ನ ಅಂಗೈಗೆ ಬಿತ್ತು, ಮೈತುಂಬ ಗೀರು.

"ಈ ಗಾಳಿಯಲ್ಲಿ ನಿನಗೆ ಹೇಗೆ ಕೇಳಿಸಿತು?"
"ಎಲ್ಲಿ ಕೇಳಿಸಿತು? ನಿನ್ನ ಮಣಿಕಟ್ಟು ನೋಡುತ್ತಿದ್ದೆ.
ಏಳಲಿಲ್ಲ."
ಆಮೇಲೆ, ಕನ್ನಡಕ ಒರೆಸುತ್ತ:
"ಮದ್ದೇ ಹಾಕಿಲ್ಲ ಮಾರಾಯ. ನಡುವೆ
ಯಾರಾದರೂ ಮಾತಾಡಿಸಿದರಾ?"

ಗುರುವಾರ ರಾತ್ರಿ ಒಂಬತ್ತೂಕಾಲು. ಹಲಗೆಯ ಮೇಲೆ
ಐದು ಸಾಲು ಚಿಪ್ಪು, ಬಾಯ್ದೆರೆದು ಮರಿಹಕ್ಕಿಗಳ ಹಾಗೆ.
ಎರಡನೆಯ ಸಾಲಿನ ಏಳೋ ಎಂಟೋ.
ಫೋನು ಬಂತು.
"ಶನಿವಾರ ಬರ್ತೀಯಲ್ಲ? ಗಾಳಿ ಜಾಸ್ತಿಯಂತೆ,
ಯಾರೂ ಬರಲ್ಲವೇನೋ. ಒಬ್ಬಳೇ ನಿಂತಿರೋಕೆ ಬೇಜಾರು."
ಇಷ್ಟು ವರ್ಷದಲ್ಲಿ ಬೇಜಾರು ಎಂಬ ಮಾತು
ಅವಳ ಬಾಯಲ್ಲಿ ಕೇಳಿದವನಲ್ಲ.
ಬಾಯಿಯ ಅಳತೆ ನನಗೆ ಗೊತ್ತಿತ್ತು, ಅಷ್ಟೇ.
ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಗೋಡೆ ನೋಡಿದೆ.
ಎಂಟರಿಂದ ಶುರು ಮಾಡಿದೆನೋ, ಒಂಬತ್ತರಿಂದಲೋ.

"ರಾಂಗ್ ನಂಬರ್," ಅಂದೆ.
"ಆ ಹೊತ್ತಲ್ಲಿ ಫೋನು ಎತ್ತಬಾರದು," ಅಂದಳು.
ಹೌದು ಅಂದೆ.

ಉಳಿದ ನಲವತ್ತಾರನ್ನೂ ಮನೆಗೆ ತಂದು ಬಿಚ್ಚಿದೆ.
ಒಂದೊಂದನ್ನೂ ತೂಗಿದೆ, ಬೆಳಗಿನ ಎರಡರವರೆಗೆ.
ಯಾವುದರಲ್ಲೂ ಎರಡು ಪಾಲಿಲ್ಲ, ಯಾವುದೂ ಬರಿದಲ್ಲ.
ಕೊರತೆ ಇದ್ದದ್ದು ಅದೊಂದಕ್ಕೇ.

ಈಗ ತೋಟಾ ಕಟ್ಟುವಾಗ
ಫೋನನ್ನು ಅಡುಗೆಮನೆಯಲ್ಲಿಡುತ್ತೇನೆ,
ನಡುವಿನ ಬಾಗಿಲು ತೆರೆದು.